ಹೊಳಿ ಅನ್ನದಾಕಿ

ತಂಗೆವ್ವ ಹೊಳೆಗೆ ಹೊಳೆ ಎಂದವಳಲ್ಲ. ನೀರು ಎನ್ನುತ್ತಿದ್ದಳು. ಅರಿವೆ ಒಗೆಯಲು ನೀರಿಗೆ ಹೋಗಿದ್ದೆ, ಎಮ್ಮೆ ನೀರು ದಾಟಿ ಆಚೆ ದಂಡೆಗೆ ಹೋಯಿತು, ಈ ಸಲ ನೀರು ಅಗಸಿಬಾಗಿಲ ತನಕ ಬಂದು ಹೋಯಿತು, ಹೀಗೆ. ಗಂಡನ ಹೆಸರು ಹೊಳೆಪ್ಪ. ಗಂಡನ ಹೆಸರು ಬಾಯಲ್ಲಿ ಬರಬಾರದು ಎಂದ ಮೇಲೆ ಅದರ ತುಣುಕು ಮಾತ್ರ ಯಾಕೆ ಬರಬೇಕು? ಅವಳ ಅವ್ವನೂ ಹೀಗೆಯೇ ಇದ್ದವಳು. ಗಂಡ ಮಲ್ಲಪ್ಪ ಎಂಬ ಒಂದೇ ಕಾರಣಕ್ಕೆ ಮಲ್ಲಿಗೆಯನ್ನು ಸಾಯುವ ತನಕ ‘ಬಿಳೇ ಹೂವು’ ಎಂದೇ ಕರೆದಳು.

ಹಳೇ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದದ್ದೇ. ಬೇರೆ ಹೆಂಗಸರು ‘ನೀರ ಬಂದಾವು’ ಅಂದರೆ ಬರೀ ನೀರು. ತಂಗೆವ್ವ ಅಂದರೆ ಅದು ಹೊಳೆಯೂ ಆಗಿರಬಹುದು. “ನನ್ನ ಹೆಸರ ಅರ್ಧಾ ನುಂಗಿ ಕುಂತಾಳ ನೋಡ್ರಿ ಇಕಿ” ಎಂದು ಹೊಳೆಪ್ಪ ಮಂದಿಯ ಮುಂದೆ ನಗುತ್ತಿದ್ದ.

ಆ ಊರು ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಊರಿನವರು ಬೀಳಗಿ ಕಡೆಯ ಗುಡ್ಡದ ಮಗ್ಗುಲಿಗೆ, ಸರಕಾರ ಗೆರೆ ಹೊಡೆದು ಕೊಟ್ಟ ಪ್ಲಾಟುಗಳಿಗೆ ಬಂದು ಎಂಟು ವರ್ಷ. ಹಳೇ ಊರಿನ ಓಣಿಗಳಿಗೆ ಹೆಸರಿದ್ದವು. ಇಲ್ಲಿ ಎ ಲೈನು, ಬಿ ಲೈನು. ನಡುವೆ ಎತ್ತರದ ಸಿಮೆಂಟು ಟಾಕಿ ಇದೆ, ಅದರೊಳಗೆ ನೀರು ಏರಿದ್ದನ್ನು ಯಾರೂ ಕಂಡಿಲ್ಲ. ಹೊತ್ತು ವಾಲುವಾಗ ಟ್ಯಾಂಕರ್ ಬರುತ್ತದೆ. ಹೆಂಗಸರು ಬಾಗಿಲಿಗೆ ಬಂದು ಗಂಡಂದಿರನ್ನು ಕೂಗುತ್ತಾರೆ: “ಏನ್ರೀ... ನೀರ ಬಂದಾವ್ರೀ...”

ಆ ಕೂಗು ಎದ್ದ ಕೂಡಲೇ ತಂಗೆವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡುತ್ತಿದ್ದಳು. ಕೊಡ ಹಿಡಿದು ಹೋಗುವವಳು ಮಗಳು ಸುವರ್ಣಾ. ತಂಗೆವ್ವನಿಗೆ ಸೊಂಟನೋವು ಎಂದು ಊರು ತಿಳಿದಿತ್ತು. ಸಾಲಿಯ ಬಿಸಿಯೂಟಕ್ಕೆ ನೂರು ಮಕ್ಕಳ ಅನ್ನದ ಬೋಗುಣಿ ಇಳಿಸುವಾಗ ಬಾರದ ಸೊಂಟನೋವು ಟ್ಯಾಂಕರ್ ಬಂದಾಗಲೇ ಯಾಕೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳದೇ ಇರುವ ಸೌಜನ್ಯ ಮುಳುಗಿದ ಊರಿನವರಿಗೆ ಇರುತ್ತದೆ.

ಅದೇ ಕೂಗನ್ನು, ಅವೇ ಮಾತುಗಳಲ್ಲಿ, ಅವಳೂ ಒಮ್ಮೆ ಕೂಗಿದ್ದಳು.

2001ರ ಆಷಾಢ. ಊರೆಲ್ಲ ಖಾಲಿಯಾಗಿತ್ತು. ತೊಲೆ, ಜಂತಿ, ಬಾಗಿಲು ಕಿತ್ತು ಹೇರಿಕೊಂಡು ಹೋಗುವ ಕೊನೆಯ ದಿನಗಳು. ಹೊಳೆಪ್ಪ ಬಾಗಿಲನ್ನು ಕಿತ್ತು ಚಕ್ಕಡಿಗೆ ಹಾಕಿದ್ದ, ಹೊಸ್ತಿಲು ಉಳಿದಿತ್ತು. “ಹ್ವಾದ್ರ ಹೋಗ್ಲಿ ಬಿಡ್ರಿ, ಒಂದ ಕಟಿಗಿ” ಎಂದು ತಂಗೆವ್ವ ಅಂದಿದ್ದಳು. ಅವನು ಕೇಳಲಿಲ್ಲ. “ನೀ ಜಲ್ಮದಾಗ ಒಮ್ಮೆ ನನ್ನ ಹೆಸರ ಹೇಳೀದಿ, ಅದೂ ಈ ಹೊಸ್ತಿಲಾ ಮುಂದ ನಿಂತು. ಇದನ್ನ ಬಿಟ್ಟು ಹ್ಯಾಂಗ ಬರ್ಲಿ?” ಅಂದ. ಖರೆ ಮಾತು. ಮದುವೆಯ ದಿನ ನಾದಿನಿಯರು ಬಾಗಿಲು ತಡೆದು ಗಂಡನ ಹೆಸರು ಹೇಳಿಸಿದ್ದರು. ಒಡಪಿನಲ್ಲಿ, ಪ್ರಾಸದ ಪದದಲ್ಲಿ, ಸೇರಿಸಿ ಹೇಳಿದರೆ ದೋಷವಿಲ್ಲ. ಹಿತ್ತಲದಾಗ ಅರಳ್ಯಾವ ಹೀರಿ ಹೂವಾ, ಹತ್ತೂರ ಮೆಚ್ಚಿದ ಹೊಳೆಪ್ಪನ ಹೆಸರ ಹೇಳ್ತೀನಿ ಕೇಳ್ರೆವ್ವಾ, ಎಂದು ಒಂದೇ ಉಸಿರಿಗೆ ಹೇಳಿ ಒಳಗೆ ಓಡಿದ್ದಳು. ಮುಂದೆ ಆ ಹೆಸರು ಅವಳ ಬಾಯಿಂದ ಹೊರಡಲಿಲ್ಲ.

ಅವಳು ಏರಿನ ಮೇಲೆ ಚಕ್ಕಡಿ ಹತ್ತಿರ ನಿಂತಿದ್ದಳು. ಕೆಳಗೆ ಊರಿನಲ್ಲಿ ಇಬ್ಬರೇ ಗಂಡಸರು: ತಮ್ಮ ಮನೆಯೊಳಗೆ ಹಾರೆ ಹಿಡಿದ ಹೊಳೆಪ್ಪ, ಪಕ್ಕದ ತನ್ನ ಮನೆಯ ಜಂತಿ ಇಳಿಸುತ್ತಿದ್ದ ಅವನ ಗೆಳೆಯ ಜಕ್ಕಪ್ಪ. ಏರಿಗೂ ಊರಿಗೂ ನಡುವೆ ಒಂದು ಹಳ್ಳ. ಹೊಳೆಯ ನೀರು ಎದುರಿನಿಂದ ಬರಲಿಲ್ಲ. ಹಳ್ಳದೊಳಗೆ ಹಿಂದಿನಿಂದ ಸದ್ದಿಲ್ಲದೆ ಏರಿತು. ಮೇಲೆ ನಿಂತವಳಿಗೆ ಕಂಡಿತು. ಕೆಳಗಿದ್ದವರಿಗೆ ಕಾಣುವಂತಿರಲಿಲ್ಲ.

ಆ ಸೀಮೆಯಲ್ಲಿ ಇಂಥ ಹೊತ್ತಿಗೆ ಒಂದೇ ಕೂಗು. ‘ಹೊಳಿ ಬಂತೋ’ ಎಂದರೆ ಉಣ್ಣುತ್ತಿದ್ದವನೂ ಎಡೆ ಬಿಟ್ಟು ಓಡುತ್ತಾನೆ. ತಂಗೆವ್ವ ಬಾಯಿ ತೆರೆದಳು. ಇಪ್ಪತ್ತು ವರ್ಷ ಪಳಗಿದ ನಾಲಿಗೆ, ಅದು ಅವಳನ್ನು ಕೇಳಲಿಲ್ಲ.

“ಏನ್ರೀ... ನೀರ ಬಂದಾವ್ರೀ...” ಎಂದು ಕೂಗಿದಳು. ಮೂರು ಸಲ, ನಾಲ್ಕು ಸಲ.

ಜಕ್ಕಪ್ಪ ಬಂದ. ಮೊಣಕಾಲುದ್ದ ನೀರಿನಲ್ಲಿ ಹಳ್ಳ ದಾಟಿ ಏರಿ ಹತ್ತಿ ಬಂದ. ಅವನು ತಿರುಗಿ ನೋಡುವುದರೊಳಗೆ ಎದೆಮಟ್ಟ ಆಗಿತ್ತು. ಅವನು ಕೆಳಗೆ ಒದರುತ್ತಿದ್ದಂತೆಯೇ ಮಣ್ಣಿನ ಗೋಡೆಗಳು ಒಂದೊಂದೇ ಕೂತವು. ಮೀನು ಹಿಡಿಯುವ ಸಾಬಣ್ಣ ತೆಪ್ಪ ಹಾಕಿಕೊಂಡು ಮೂರು ದಿನ ಹುಡುಕಿದ. ಹೊಳೆಪ್ಪ ಸಿಗಲಿಲ್ಲ.

ಹೆಣ ಸಿಗದ ಮನೆಯಲ್ಲಿ ದಿನ ಮಾಡುವುದು ಹೇಗೆ? ಮಾಡಲಿಲ್ಲ. ತಂಗೆವ್ವ ಕುಂಕುಮ ಇಡುತ್ತಿದ್ದಳು, ಬಳೆ ಇಟ್ಟುಕೊಂಡಿದ್ದಳು, ತಾಳಿ ಇತ್ತು. ಅವಳನ್ನು ಆರತಿಗೆ ಕರೆಯಬೇಕೋ ಬಿಡಬೇಕೋ ಎಂದು ಊರಿಗೆ ಗೊತ್ತಾಗುತ್ತಿರಲಿಲ್ಲ, ಅವಳಿಗೂ. ಅವಳನ್ನು ತಿನ್ನುತ್ತಿದ್ದುದು ಒಂದೇ: ಅವನಿಗೆ ಕೇಳಿಸಿತೋ ಇಲ್ಲವೋ? ಕೇಳಿಸಿದ್ದರೆ ಯಾಕೆ ಬರಲಿಲ್ಲ?

*

ಹೊಸ ಊರಿನಲ್ಲಿ ಹೀರೆ, ಕುಂಬಳ, ಸೌತೆ ಎಲ್ಲ ಹೂ ಬಿಡುತ್ತಿದ್ದವು, ಕಾಯಿ ಹಿಡಿಯುತ್ತಿರಲಿಲ್ಲ. ಬೆರಳುದ್ದ ಬಂದು ಹಳದಿಯಾಗಿ ಉದುರುತ್ತಿದ್ದವು. ಮಣ್ಣು ಕಲ್ಲುಗರಸು ಎಂದರು ಕೆಲವರು, ಊರದೇವರು ಬೀರಪ್ಪನ ಮುನಿಸು ಎಂದರು ಕೆಲವರು. ಜಮಖಂಡಿಯಿಂದ ದಿನಾ ಬಸ್ಸಿಗೆ ಬಂದು ಹೋಗುವ ಶೈಲಾ ಬಾಯಾರು, ಸಾಲಿಯ ವಿಜ್ಞಾನದ ಟೀಚರು, ಒಂದು ದಿನ ಅಡುಗೆ ಕೋಣೆಯ ಹಿಂದಿನ ಹೀರೆ ಬಳ್ಳಿಯ ಮುಂದೆ ಹೆಂಗಸರನ್ನು ಕೂರಿಸಿಕೊಂಡು ಒಂದು ಹೂ ಕಿತ್ತು ಇನ್ನೊಂದರ ಮೇಲೆ ಒತ್ತಿ ತೋರಿಸಿದರು.

“ಇದು ಗಂಡ ಹೂವ. ಇದು ಹೆಣ್ಣ ಹೂವ. ಇದರ ಪುಡಿ ಅದಕ ಮುಟ್ಟಬೇಕು. ಮುಟ್ಟಸವ್ರ ಜೇನ. ನಿಮ್ಮೂರಾಗ ಜೇನ ಎಲ್ಲಿ ಅದಾವ ಹೇಳ್ರಿ?”

“ಅಯ್ಯ, ಹೂವಿಗೂ ಮದುವಿ ದಲ್ಲಾಳಿ ಬೇಕೇನ್ರಿ ಬಾಯಾರ?” ಎಂದಳು ಜಕ್ಕಪ್ಪನ ಹೆಂಡತಿ ಅನಸವ್ವ. “ಅದಕ್ಕ ಅನ್ರಿ, ನಮ್ಮ ಭಾವನ ಮಗಗ ಹೆಣ್ಣ ಸಿಗವಲ್ದು.”

ನಗೆ ಅಡಗಿದ ಮೇಲೆ ಶೈಲಾ ತಮ್ಮ ಯೋಚನೆ ಹೇಳಿದರು. ಗುಡ್ಡದ ಅಂಚಿನಲ್ಲಿ, ಹಿನ್ನೀರು ಕಾಣುವಲ್ಲಿ, ‘ಉದ್ಯಾನವನ’ ಎಂದು ಬೋರ್ಡು ಹಾಕಿಸಿಕೊಂಡು ಜಾಲಿ ಬೆಳೆಸಿಕೊಂಡಿದ್ದ ಖಾಲಿ ಜಾಗವಿದೆ. ಅದನ್ನು ಎಲ್ಲರೂ ಸೇರಿ ಕಡಿದು, ಜೇನಿಗೂ ಪಾತರಗಿತ್ತಿಗೂ ಬೇಕಾದ ಹೂವಿನ ಗಿಡ ಹಚ್ಚಬೇಕು. ತುಳಸಿ, ಕಾಮಕಸ್ತೂರಿ, ತುಂಬೆ, ಎಕ್ಕ, ನುಗ್ಗೆ, ಬೋರೆ, ಅಂಚಿಗೆ ಗುರೆಳ್ಳು, ಕುಸುಬೆ. ಕೂಲಿಯಿಲ್ಲ, ಶ್ರಮದಾನ. ಮನೆಗೊಂದು ಗಿಡ, ಗಿಡದ ಬುಡಕ್ಕೆ ಆ ಮನೆಯವರು ನೆನೆಸುವ ಹಿರಿಯರ ಹೆಸರಿನ ತಗಡು.

“ಗಿಡಾ ಹಚ್ಚಿದ್ರ ಸಾಲೂದಿಲ್ರಿ” ಎಂದಳು ಅನಸವ್ವ, ಈಗ ನಗದೆ. “ಹಳೇ ಊರಾಗ ಬೀರಪ್ಪನ ಗುಡಿ ಮುಂದಿನ ಆಲದ ಮರಕ್ಕ ಹನ್ನೆರಡ ಹುಟ್ಟ ಹೆಜ್ಜೇನ ಕಟ್ಟತಿತ್ತು. ಮರ ಮುಳುಗಿ ಎಂಟ ವರ್ಷಾತು. ಇವತ್ತಿಗೂ ದಸರೆ ಮುಗಿದ ಮ್ಯಾಲ ಜೇನ ಬಂದು ಅಲ್ಲೆ ನೀರಿನ ಮ್ಯಾಲ ಗಿರಿಗಿರಿ ತಿರಗತಾವಂತ. ಸಾಬಣ್ಣ ನೋಡ್ಯಾನ. ನಮ್ಮ ಮಣ್ಣಿನ ವಾಸನಿ ಇಲ್ಲಿ ಬರಬೇಕು, ಅಂದ್ರ ಅವು ಇಲ್ಲಿಗೆ ಬರ್ತಾವು. ನೀರ ಇಳದೈತಿ. ಮಿರಗದ ಮಳಿ ಬರೂದರಾಗ ಅವರವರ ಮನಿ ಜಾಗಾದಾಗಿನ ಮಣ್ಣ ಅವರವರು ತರೂಣು.”

ಶೈಲಾ ಬಾಯಾರಿಗೆ ವಾಸನೆಯ ಮಾತು ಒಪ್ಪಲಿಲ್ಲ, ಮಣ್ಣಿನ ಮಾತು ಒಪ್ಪಿತು. ಹೂಳು ಒಳ್ಳೆಯ ಗೊಬ್ಬರ ಎಂದರು.

ಹಳೇ ಆಲದ ಮರದ ಜೇನು ಬಿಚ್ಚುತ್ತಿದ್ದವನು ಯಾರು ಎಂದು ಅಲ್ಲಿ ಯಾರೂ ಎತ್ತಲಿಲ್ಲ. ಅರ್ಧ ಹುಟ್ಟು ಕೊಯ್ದು ಅರ್ಧ ಬಿಟ್ಟು, “ನಿಮ್ದು ನಿಮಗ, ನಮ್ದು ನಮಗ” ಎಂದು ಜೇನಿಗೆ ಲೆಕ್ಕ ಒಪ್ಪಿಸಿ ಇಳಿಯುತ್ತಿದ್ದವನು ಹೊಳೆಪ್ಪ. ತಂಗೆವ್ವ ಎದ್ದು ಬೇಳೆ ಉಕ್ಕಿತೆಂದು ಒಳಗೆ ಹೋದಳು. ಬೇಳೆ ಉಕ್ಕಿರಲಿಲ್ಲ.

ತಗಡುಗಳಿಗೆ ಹೆಸರು ಬರೆಯುವ ಕೆಲಸ ಸುವರ್ಣಾಳ ಪಾಲಿಗೆ ಬಂತು. ಹದಿನೇಳರ ಹುಡುಗಿ, ಬೀಳಗಿ ಕಾಲೇಜಿಗೆ ಹೋಗುತ್ತಿದ್ದಳು, ಕೈಬರಹ ಮುತ್ತಿನಂಥದ್ದು. ಪಡಸಾಲೆಯಲ್ಲಿ ತಗಡು ಹರಡಿಕೊಂಡು, ಬಿಳೇ ಬಣ್ಣದಲ್ಲಿ ಒಂದೊಂದಕ್ಕೆ ‘ಇವರ ನೆನಪಿಗೆ’ ಎಂದು ಬರೆಯುತ್ತ ಕೂತಿದ್ದಳು. ಒಂದು ತಗಡನ್ನು ಖಾಲಿ ಬಿಟ್ಟು ಅವ್ವನ ಮುಂದೆ ಇಟ್ಟಳು.

“ನಮ್ಮನಿದು. ಏನ ಬರೀಲಿ?”

“ನಿಮ್ಮಜ್ಜಂದ ಬರಿ.”

“ಅಜ್ಜನ ಗಿಡ ಚಿಗವ್ವಾರ ಮನಿಯವರು ಹಚ್ಚಾಕತ್ತಾರ. ನಮ್ಮನಿಗೆ ಅಪ್ಪಂದ.”

“ನೆನಪಿಗೆ ಅಂತ ಸತ್ತವರಿಗೆ ಬರೀತಾರ.”

ಹುಡುಗಿ ಕುಂಚ ಕೆಳಗಿಟ್ಟಳು. “ಯವ್ವಾ, ನನಗ ಹೆಸರ ಗೊತ್ತಿಲ್ಲೇನ? ಹಾಜರಿ ಪುಸ್ತಕದಾಗ ನನ್ನ ಹೆಸರಿನ ಮುಂದ ದಿನಾ ಓದ್ತಾರ. ಬರಿಯಾಕ ಒಂದ ಗಳಿಗಿ ಸಾಕು. ಆದ್ರ ನಾ ಬರಿಯೂದಿಲ್ಲ. ನೀ ಬಾಯಿಬಿಟ್ಟ ಹೇಳು, ಆಮ್ಯಾಲ ಬರೀತೀನಿ. ಅಪ್ಪಗ ಹೆಸರ ಇತ್ತು ಅನ್ನೂದನ್ನ ನಿನ್ನ ಬಾಯಾಗಿಂದ ನಾ ಒಮ್ಮಿನೂ ಕೇಳಿಲ್ಲ.”

“ಎದ್ದ ಕೊಡಾ ತಗೊಂಡ ಹೋಗ. ಹೊತ್ತಾತು” ಎಂದಳು ತಂಗೆವ್ವ.

ಆ ಖಾಲಿ ತಗಡು ಎರಡು ವಾರ ಗೋಡೆಗೆ ಆತು ನಿಂತಿತ್ತು. ತಂಗೆವ್ವ ಕಸ ಹೊಡೆಯುವಾಗ ಅದನ್ನು ಮುಟ್ಟದೆ ಅದರ ಸುತ್ತ ಹೊಡೆಯುತ್ತಿದ್ದಳು.

*

ಮಣ್ಣು ತರಲು ಎರಡು ಟ್ರ್ಯಾಕ್ಟರ್ ಹೋದವು. ತಂಗೆವ್ವ ಹೋಗಬಾರದೆಂದಿದ್ದಳು. ಎಂಟು ಬೇಸಿಗೆಯಲ್ಲಿ ಒಮ್ಮೆಯೂ ಅತ್ತ ಇಳಿದವಳಲ್ಲ. ಆದರೆ ಅವರವರ ಮನೆಯ ಮಣ್ಣು ಅವರವರೇ ತರಬೇಕು ಎಂದಾಗಿತ್ತು. ತನ್ನ ಮನೆಯ ಜಾಗದಲ್ಲಿ ಬೇರೆಯವರ ಸಲಿಕೆ ಬೀಳುವುದನ್ನು ಅವಳಿಂದ ತಾಳಲಾಗಲಿಲ್ಲ. ಬುಟ್ಟಿ ತೆಗೆದುಕೊಂಡು ಟ್ರೇಲರ್ ಹತ್ತಿದಳು.

ನೀರು ಇಳಿದ ಊರು ಬಿರುಕು ಬಿಟ್ಟ ಕರೀ ಬಯಲಾಗಿತ್ತು. ಗೋಡೆಗಳಿಲ್ಲ, ಬುನಾದಿಯ ಕಲ್ಲುಗಳು ಮಾತ್ರ ಗೆರೆ ಗೆರೆಯಾಗಿ ಎದ್ದಿದ್ದವು. ಮೀನಿನ ಮುಳ್ಳು, ಕಪ್ಪೆಚಿಪ್ಪು, ಒಂದು ಒರಳು. ಮಂದಿ ಮೊದಮೊದಲು ಸುಮ್ಮನಿದ್ದವರು ಆಮೇಲೆ ಮಕ್ಕಳ ಹಾಗೆ ಆದರು. “ಇದು ನಮ್ಮ ಅಡಗಿಮನಿ,” “ಏ, ಅದು ನಮ್ಮ ದನದ ಕೊಟ್ಟಗಿ, ನಿಮ್ದು ಆ ಕಡೆ ಐತಿ,” ಎಂದು ಇಲ್ಲದ ಗೋಡೆಗಳಿಗೆ ಜಗಳಾಡಿದರು. ಯಾರೂ ಗೋಡೆಯಿದ್ದ ಕಡೆಯಿಂದ ದಾಟಲಿಲ್ಲ. ಬಾಗಿಲಿದ್ದ ಕಡೆಯಿಂದಲೇ ಒಳಗೆ ಹೋಗಿ, ಬಾಗಿಲಿದ್ದ ಕಡೆಯಿಂದಲೇ ಹೊರಗೆ ಬರುತ್ತಿದ್ದರು.

ಆಲದ ಮರದ ಬೊಡ್ಡೆ ಕರ್ರಗೆ ನಿಂತಿತ್ತು. ಅದರ ಹತ್ತಿರ ಹಾಯುವಾಗ ತಂಗೆವ್ವನ ಕಿವಿಯಲ್ಲಿ ಗುಂಯ್ ಎಂದಿತು. ನಿಂತು ನೋಡಿದಳು. ಒಂದು ನೊಣ ಕೂಡ ಇರಲಿಲ್ಲ. ಹೆಜ್ಜೆ ಇಟ್ಟರೆ ನಿಲ್ಲುತ್ತಿತ್ತು, ನಿಂತರೆ ಮತ್ತೆ ಗುಂಯ್. ಅವಳು ಯಾರಿಗೂ ಹೇಳಲಿಲ್ಲ.

ತನ್ನ ಮನೆಯನ್ನು ಕಾಲೇ ಹುಡುಕಿತು. ಬಾಗಿಲ ಜಾಗದಲ್ಲಿ ಹೂಳು ಕೆದರಿದಳು. ಗೇಣು ಆಳದಲ್ಲಿ ಸಲಿಕೆ ಟಕ್ ಎಂದಿತು. ಜಾಲಿಯ ಹೊಸ್ತಿಲು. ಎಂಟು ವರ್ಷ ನೀರಿನಲ್ಲಿದ್ದು ಕಬ್ಬಿಣದಂತೆ ಕಪ್ಪಾಗಿತ್ತು. ಒಂದು ತುದಿ ನೆಲದಿಂದ ನಾಲ್ಕು ಬೆರಳು ಮೇಲೆದ್ದಿತ್ತು, ಅಲ್ಲಿ ಹಾರೆಯ ಕಚ್ಚು. ಇನ್ನೊಂದು ತುದಿ ಇನ್ನೂ ಕಲ್ಲಿನಲ್ಲಿ ಕಚ್ಚಿಕೊಂಡಿತ್ತು. ಕೆಲಸ ಅರ್ಧಕ್ಕೆ ನಿಂತಿತ್ತು.

ಅವಳು ಕುಕ್ಕರಗಾಲಲ್ಲಿ ಕೂತು ಆ ಕಚ್ಚಿನಲ್ಲಿ ಬೆರಳಿಟ್ಟಳು. ಹಿಂದೆ ಯಾರೋ ನಿಂತಂತಾಯಿತು. ತಿರುಗಿದಳು. ಜಕ್ಕಪ್ಪ. ಆಚೆ ಮನೆಯ ಮಣ್ಣು ತುಂಬಿದ ಬುಟ್ಟಿ ಹೆಗಲ ಮೇಲಿತ್ತು. ಇಳಿಸುವುದನ್ನೂ ಮರೆತು ಹೊಸ್ತಿಲನ್ನೇ ನೋಡುತ್ತಿದ್ದ.

“ತಂಗೆವ್ವಾ, ಒಂದ ಮಾತ ಐತಿ. ಎಂಟ ವರ್ಷಾತು, ಹೊಟ್ಯಾಗ ಇಟ್ಕೊಂಡೀನಿ.”

“ಇನ್ನೂ ಎಂಟ ವರ್ಷ ಇಟ್ಕೋರಿ ಜಕ್ಕಣ್ಣಾ” ಎಂದಳು ಅವಳು. ಯಾಕೆ ಹಾಗೆ ಅಂದಳೋ ಅವಳಿಗೇ ತಿಳಿಯಲಿಲ್ಲ.

“ಇದನ್ನ ನೋಡದಿದ್ರ ಇಟ್ಕೋತಿದ್ದೆ.” ಬುಟ್ಟಿ ಇಳಿಸಿ ಅವನೂ ಕೂತ. “ನೀ ಅವತ್ತ ಒದರಿದ್ದು ಕೇಳಿಸ್ತು. ಇಬ್ಬರಿಗೂ ಕೇಳಿಸ್ತು.”

ತಂಗೆವ್ವ ಹಾರೆಯ ಕಚ್ಚಿನಿಂದ ಬೆರಳು ತೆಗೆಯಲಿಲ್ಲ.

“ಗಾಳಿ ಬಿಟ್ಟಿತ್ತು. ದನಿ ಹರಕ ಹರಕ ಬರಾಕತ್ತಿತ್ತು. ‘ಏನ್ರೀ, ನೀರ ಬಂದಾವ್ರೀ’ ಅಂತ ಅಷ್ಟ. ನಾ ಬಂದು ಇಲ್ಲೆ, ಈ ಬಾಗಲದಾಗ ನಿಂತು ಕೇಳಿದೆ, ‘ಯಾರ ಹೇಣ್ತೀಲೇ ಅದು, ನಿನ್ನಾಕೀನೋ ನನ್ನಾಕೀನೋ?’ ಎಲ್ಲಾರ ಹೇಣ್ತ್ಯಾರೂ ಏನ್ರೀ ಅಂತನ ಒದರ್ತಾರ, ಹ್ಯಾಂಗ ತಿಳೀಬೇಕು? ಅಂವಾ ಹಾರಿ ಊರಿ ನಿಂತು ಕೇಳಿದಾ. ಕೇಳಿ ನಕ್ಕಾ. ‘ನನ್ನಾಕಿ ಚಕ್ಕಡಿ ಕಾಯಾಕ ನಿಂತಾಳ, ಆಕಿಗೆ ಎಲ್ಲಿ ನೀರ? ನಿನ್ನಾಕಿನ ಅದು. ಮ್ಯಾಲ ಟ್ಯಾಂಕರ್ ಬಂದೈತಿ, ಕೊಡಾ ಹೊರಾಕ ಕರ್ಯಾಕ ಬಂದಾಳ. ಹೋಗಲೇ, ಇಲ್ಲಾಂದ್ರ ರಾತ್ರಿ ರೊಟ್ಟಿ ಹಾಕೂದಿಲ್ಲ. ನಾ ಇದೊಂದ ಎಬ್ಬಿಸಿ ಬರ್ತೀನಿ’ ಅಂದಾ.”

ಆ ದಿನಗಳಲ್ಲಿ ಹೊಸ ಊರಿಗೆ ಟ್ಯಾಂಕರ್ ಆಗಷ್ಟೇ ಬರತೊಡಗಿತ್ತು, ಅನಸವ್ವ ಆಗಲೇ ಅಲ್ಲಿದ್ದಳು. ಅನಸವ್ವನ ಬಾಯಲ್ಲಿ ನೀರು ಎಂದರೆ ಟ್ಯಾಂಕರ್. ತಂಗೆವ್ವನ ಬಾಯಲ್ಲಿ ಹೊಳೆ. ಕೂಗಿದ್ದು ಯಾರು ಎಂದು ತಿಳಿದಿದ್ದರೆ ಏನು ಬಂತು ಎಂದೂ ಅವನಿಗೆ ತಿಳಿಯುತ್ತಿತ್ತು.

“ಖರೇನ ನಕ್ಕರೇನು?” ಎಂದು ಕೇಳಿದಳು ತಂಗೆವ್ವ.

“ನಕ್ಕಾ.” ಜಕ್ಕಪ್ಪ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ. “ನನಗ ಬಂದ ಕೂಗಲ್ಲ ಅದು, ತಂಗೀ. ಅವಗ ಬಂದದ್ದು. ಅಂವಾ ನನಗ ಕೊಟ್ಟಾ. ಅನಸೀಗೂ ಹೇಳಿಲ್ಲ ನಾ ಇದನ್ನ.”

ಎಂಟು ವರ್ಷ ತಂಗೆವ್ವನ ಕಣ್ಣೊಳಗೆ ಒಬ್ಬ ಗಂಡಸು ನೀರೊಳಗಿಂದ ಕೈ ಎತ್ತುತ್ತಿದ್ದ. ಈಗ ಅವನು ನಗುತ್ತಿದ್ದ. ಇದು ಸಮಾಧಾನವೋ ಇನ್ನೂ ದೊಡ್ಡ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಹೆಸರು ಹಿಡಿದು ಕೂಗಿದ್ದರೆ ಅವನು ಬರುತ್ತಿದ್ದ. ಹೊಳೆ ಎಂದು ಕೂಗಿದ್ದರೆ ಇಬ್ಬರೂ ಬರುತ್ತಿದ್ದರು. ಎರಡಕ್ಷರ.

ಅವಳು ಕಚ್ಚಿನಿಂದ ಬೆರಳು ತೆಗೆದು, “ಹಾರಿ ಐತೇನು?” ಎಂದಳು.

ಜಕ್ಕಪ್ಪ ಹಾರೆ ತಂದ. ಹಳೆಯ ಕಚ್ಚಿನಲ್ಲೇ ಇಟ್ಟು ಒತ್ತಿದ. ತಂಗೆವ್ವ ಇನ್ನೊಂದು ತುದಿ ಹಿಡಿದಳು. ಹೊಸ್ತಿಲು ಬಿಡಲಿಲ್ಲ, ಬಿಡಲಿಲ್ಲ, ಆಮೇಲೆ ಒಮ್ಮೆಲೆ ಬಿಟ್ಟಿತು. ಅದರ ಕೆಳಗಿನ ತಗ್ಗಿನಲ್ಲಿ ನೀರು ಒಸರಿ ಬಂತು, ಎಷ್ಟು ಬೇಗ ಬಂತೆಂದರೆ ಯಾರೋ ಹಿಡಿದಿಟ್ಟು ಬಿಟ್ಟ ಹಾಗೆ.

*

ಮುಂಗಾರಿನ ಮಿರಗದ ಮಳೆ ಎರಡು ದಿನ ಹದವಾಗಿ ಬಂತು. ಮೂರನೆಯ ದಿನ ಊರೆಲ್ಲ ಗುಡ್ಡದ ಅಂಚಿಗೆ ಸೇರಿತು. ಜಾಲಿ ಕಡಿದಾಗಿತ್ತು, ತಗ್ಗು ತೋಡಿ ಹಳೇ ಊರಿನ ಕರೀ ಮಣ್ಣು ತುಂಬಿಯಾಗಿತ್ತು. ಸಾಲಿ ಮಕ್ಕಳು ಗುರೆಳ್ಳು ಎರಚುವ ನೆವದಲ್ಲಿ ಒಬ್ಬರ ತಲೆಗೊಬ್ಬರು ಎರಚಿದರು. “ಎಕ್ಕ ಯಾರರ ಹಚ್ಚತಾರೇನ್ರಿ, ತಾನ ಬರ್ತೈತಿ ಅದು, ಪಾಪದಂಗ” ಎಂದು ಅನಸವ್ವ ಅಂದರೆ, “ಚಿಟ್ಟಿ ಮರಿಗೆ ಅದ ಊಟಾ ಅನಸವ್ವಾರ” ಎಂದು ಶೈಲಾ ಬಾಯಾರು ಎಕ್ಕದ ಕಡ್ಡಿ ಊರಿದರು. ಹೊಸ್ತಿಲನ್ನು ತೋಟದ ಬಾಯಿಯಲ್ಲಿ ನೆಲಕ್ಕೆ ಕೂರಿಸಿದ್ದರು. ಗೋಡೆಯಿಲ್ಲ, ಬಾಗಿಲಿಲ್ಲ, ಹೊಸ್ತಿಲಷ್ಟೇ. ಆದರೂ ಎಲ್ಲರೂ ಅದನ್ನು ತುಳಿಯದೆ ದಾಟಿ ಒಳಗೆ ಬಂದರು.

ತಂಗೆವ್ವ ತಂದದ್ದು ಹೀರೆಯ ಬಳ್ಳಿ. ಹಳೇ ಊರಿನ ಬೀಜ, ವರ್ಷ ವರ್ಷ ಉಳಿಸಿಕೊಂಡು ಬಂದದ್ದು. ಕಾಯಿ ಹಿಡಿಯದ ವರ್ಷಗಳಲ್ಲಿ ತಾನೇ ಹೂವಿಗೆ ಹೂ ಮುಟ್ಟಿಸಿ ಒಂದಾದರೂ ಬೀಜದ ಕಾಯಿ ಮಾಡಿದ್ದಳು. ಶೈಲಾ ಬಾಯಾರು ತೋರಿಸುವ ಮೊದಲೇ ಅವಳಿಗೆ ಅದು ಗೊತ್ತಿತ್ತು, ಹೇಳಿರಲಿಲ್ಲ. ಹೊಸ್ತಿಲ ಪಕ್ಕ ಅದನ್ನು ನೆಟ್ಟು ಕೈ ಝಾಡಿಸಿ ಎದ್ದಾಗ ಸುವರ್ಣಾ ಎದುರಿಗೆ ನಿಂತಿದ್ದಳು, ಕೈಯಲ್ಲಿ ಖಾಲಿ ತಗಡು, ಕುಂಚ.

“ಒಡಪಿನ್ಯಾಗ ಹೇಳ ತಂಗೆವ್ವಾ” ಎಂದಳು ಅನಸವ್ವ ಮೆಲ್ಲಗೆ. “ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ.”

ಗಂಡ ಸತ್ತವಳಿಗೆ ಒಡಪು ಹೇಳು ಎಂದು ಯಾರೂ ಅನ್ನುವುದಿಲ್ಲ. ಅನಸವ್ವ ಗೊತ್ತಿದ್ದೇ ಅಂದಿದ್ದಳು. ಹೆಂಗಸರು ಸಲಿಕೆ, ಬುಟ್ಟಿ ಬಿಟ್ಟು ಸುತ್ತ ಸೇರಿದರು.

“ಹಿತ್ತಲದಾಗ ಅರಳ್ಯಾವ ಹೀರಿ ಹೂವಾ...” ಎಂದಳು ತಂಗೆವ್ವ. “ಹತ್ತೂರ ಮೆಚ್ಚಿದ...” ಎಂದಳು. ಒಡಪು ಅಲ್ಲಿಗೇ ನಿಂತಿತು. ಯಾರೂ ಅವಸರ ಮಾಡಲಿಲ್ಲ.

ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಹಾರ್ನ್ ಆಯಿತು. ಸಸಿಗಳಿಗೆ ಹಾಕಲು ಹೇಳಿದ್ದ ಟ್ಯಾಂಕರ್. ಅನಸವ್ವನಿಗೆ ಎಂಟು ವರ್ಷದ ರೂಢಿ. ತೋಟದ ಆಚೆ ತುದಿಯಲ್ಲಿದ್ದ ಗಂಡನ ಕಡೆ ತಿರುಗಿ, ಏನು ಮಾಡುತ್ತಿದ್ದೇನೆ ಎಂಬ ಎಚ್ಚರವಿಲ್ಲದೆ, ಕೂಗಿಬಿಟ್ಟಳು: “ಏನ್ರೀ... ನೀರ ಬಂದಾವ್ರೀ...”

ತಂಗೆವ್ವನಿಗೆ ಒಳಗೆ ಹೋಗಿ ಮುಂದೆ ಮಾಡಲು ಅಲ್ಲಿ ಬಾಗಿಲಿರಲಿಲ್ಲ.

ಅವಳು ಹೊಸ್ತಿಲು ದಾಟಿ ಗುಡ್ಡದ ಅಂಚಿಗೆ ನಡೆದಳು. ಕೆಳಗೆ ಹಿನ್ನೀರು ಮತ್ತೆ ಏರತೊಡಗಿತ್ತು. ಮೊನ್ನೆ ಕೂತಿದ್ದ ಕರೀ ಬಯಲಿಗೆ ಒಂದು ತೆಳುವಾದ ಹೊಳಪು ಬಂದಿತ್ತು. ಆಲದ ಬೊಡ್ಡೆ ಮಾತ್ರ ಕಾಣುತ್ತಿತ್ತು. ಅವಳ ಕಿವಿಯಲ್ಲಿ ಮತ್ತೆ ಗುಂಯ್ ಎಂದಿತು, ಈ ಸಲ ನಡೆದರೂ ನಿಲ್ಲಲಿಲ್ಲ.

“ಹೊಳೆಪ್ಪಾ” ಎಂದಳು. ದನಿ ಒಡೆದು ಬಂತು. ಮುತ್ತೈದೆಯರು ಸೆರಗು ಬಾಯಿಗೆ ಹಚ್ಚಿಕೊಂಡರು. ಅವಳು ಉಸಿರು ತುಂಬಿಕೊಂಡು, ಏರಿನ ಮೇಲೆ ಚಕ್ಕಡಿ ಪಕ್ಕ ನಿಂತವಳ ಹಾಗೆ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

“ಹೊಳೆಪ್ಪಾ... ಹೊಳಿ ಬಂತೋ... ಹೊರಗ ಬಾರೋ...”

ಕೂಗು ನೀರಿನ ಮೇಲೆ ಹೋಯಿತು. ಆಚೆಯ ಗುಡ್ಡಕ್ಕೆ ಬಡಿದು ತಿರುಗಿತು. ತಿರುಗಿ ಬರುವಾಗ ಅದರಲ್ಲಿ ಹೆಸರೂ ಇರಲಿಲ್ಲ, ಹೊಳೆಯೂ ಇರಲಿಲ್ಲ. ‘ಬಾರೋ’ ಎಂಬುದಷ್ಟೇ ಉಳಿದಿತ್ತು.

ಹಿಂದೆ ಹೆಜ್ಜೆಯ ಸಪ್ಪಳ. ಯಾರೋ ಸಸಿಗಳ ನಡುವೆ ಓಡಿ ಬರುತ್ತಿದ್ದರು. ತಂಗೆವ್ವ ತಿರುಗಲಿಲ್ಲ. ತಿರುಗದೆ ಇರುವಷ್ಟು ಹೊತ್ತು ಅದು ಯಾರಾದರೂ ಆಗಿರಬಹುದಿತ್ತು. ಆಮೇಲೆ ತಿರುಗಿದಳು. ಜಕ್ಕಪ್ಪ. ಎರಡೂ ಕೊಡ ಅಲ್ಲೇ ಬಿಟ್ಟು ಬಂದಿದ್ದ, ಮೊಣಕಾಲ ತನಕ ಒದ್ದೆ.

“ನಾ ಕರದದ್ದು ನಿಮಗಲ್ಲ, ಜಕ್ಕಣ್ಣಾ.”

“ಅವತ್ತರ ನನಗ ಕರದಿದ್ದೇನು, ತಂಗೀ?” ಎಂದ ಅವನು.

ಇಬ್ಬರೂ ನೀರು ನೋಡುತ್ತ ನಿಂತರು. ಆಮೇಲೆ ಅವಳು ಬಂದು ಹೊಸ್ತಿಲ ಪಕ್ಕ ಕೂತು, “ಬರಿ” ಎಂದಳು ಮಗಳಿಗೆ. “ಹೆಸರಷ್ಟ ಬರಿ. ನೆನಪಿಗೆ ಅಂತ ಹಾಕಬ್ಯಾಡ.”

ಸುವರ್ಣಾ ಬರೆದಳು. ‘ಹೊ’ದ ಬಾಲ ಸ್ವಲ್ಪ ಸೊಟ್ಟಗಾಯಿತು. ತಿದ್ದಲಿಲ್ಲ.

*

ದಸರೆ ಕಳೆದು ಎಂಟನೆಯ ದಿನಕ್ಕೆ ಹೆಜ್ಜೇನು ಬಂತು. ನೀರಿನ ಕಡೆಯಿಂದಲೇ ಬಂತು, ಮುಂಜಾನೆ ಹೊತ್ತಿಗೆ, ಮೋಡದ ಹಾಗೆ. ತೋಟದ ಮೇಲೆ ಎರಡು ಸುತ್ತು ಹಾಕಿ, ನೀರು ಕಾಣದ ಸಿಮೆಂಟು ಟಾಕಿಯ ಹೊಟ್ಟೆಗೆ ಹೋಗಿ ಕಚ್ಚಿಕೊಂಡಿತು. ಶೈಲಾ ಬಾಯಾರು ಇದು ಗುರೆಳ್ಳಿನ ಹೂವಿನ ಮಹಿಮೆ ಎಂದರು. ಅನಸವ್ವ ಮಣ್ಣಿನ ವಾಸನೆ ಎಂದಳು. ಹೀರೆಯ ಬಳ್ಳಿಗೆ ಏಳು ಕಾಯಿ ಹಿಡಿದವು. ತಂಗೆವ್ವ ನಾಲ್ಕು ಕೊಯ್ದು ಮೂರು ಬಿಟ್ಟಳು.

ಈಗ ಟ್ಯಾಂಕರ್ ಬಂದರೆ ಅವಳೂ ಕೊಡ ಹಿಡಿದು ಹೋಗುತ್ತಾಳೆ. ಹೆಂಗಸರು ಬಾಗಿಲಿಗೆ ಬಂದು ಏನ್ರೀ ಎಂದು ಕೂಗುತ್ತಾರೆ. ಎ ಲೈನಿನಿಂದ, ಬಿ ಲೈನಿನಿಂದ ಗಂಡಸರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ತಂಗೆವ್ವ ಸರತಿಯಲ್ಲಿ ನಿಂತು ಬರುವವರನ್ನೆಲ್ಲ ನೋಡುತ್ತಾಳೆ, ಕೊನೆಯವನು ಬರುವ ತನಕ.